ಮೇಷ್ಟ್ರನ್ನು ಕೇಳಿ: ರಾಜಕುಮಾರನ ನಾಯಿ, ನ್ಯೂಬರಿಯ ಹೆಂಗಸು

ಹೋದ ಸಂಚಿಕೆಯಲ್ಲಿ 1640ರ ದಶಕದಲ್ಲಿ ದೊರೆಗೂ ಸಂಸತ್ತಿಗೂ ನಡೆದ ಇಂಗ್ಲೆಂಡಿನ ಅಂತರ್ಯುದ್ಧದ ಬಗ್ಗೆ ಬರೆಯುತ್ತಾ ಒಂದು ಸಾಲು ಸೇರಿಸಿದ್ದೆ: ದೊರೆ ಒಂದನೇ ಚಾರ್ಲ್ಸನ ಸೋದರಳಿಯ ರೂಪರ್ಟ್‌ಗೆ ಒಂದು ಬಿಳಿ ನಾಯಿ ಇತ್ತು, ಅದು ಮಾಟದ ನಾಯಿ ಅಂತ ಜನ ಆಡಿಕೊಳ್ಳುತ್ತಿದ್ದರು ಎಂದು. ತೆರಿಗೆ, ಸಂಸತ್ತು, ಧರ್ಮ ಅಂತ ಎರಡು ಪುಟ ಕೊರೆದದ್ದಕ್ಕೆ ಒಂದು ಪತ್ರವೂ ಬರಲಿಲ್ಲ. ನಾಯಿಗೆ ಹನ್ನೊಂದು ಬಂದಿವೆ. ಮೂವತ್ತೊಂದು ವರ್ಷ ಇತಿಹಾಸ ಪಾಠ ಮಾಡಿದವನಿಗೆ ಇದೇನೂ ಹೊಸದಲ್ಲ. ಕೊನೆ ಬೆಂಚಿನವರು ತಲೆ ಎತ್ತುತ್ತಿದ್ದದ್ದೂ ಇಂಥ ಜಾಗದಲ್ಲೇ. ಈ ಸಲ ಪೂರ್ತಿ ಅದೇ ಇರಲಿ.

ಪ್ರ: ನಾಯಿ ಕೋವಿಯ ಗುಂಡನ್ನು ಹಲ್ಲಲ್ಲಿ ಹಿಡಿಯುತ್ತಿತ್ತು ಎಂದು ಜನ ನಿಜವಾಗಿ ನಂಬಿದ್ದರೇ? ಸಂಸತ್ತಿನ ಪಕ್ಷದವರು ಅಷ್ಟು ದಡ್ಡರೇ? (ಮೈಸೂರಿನ ಓದುಗರು)

ಉ: ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡುತ್ತೇನೆ. ನೌಕರಿಯಲ್ಲಿ ಇದ್ದಷ್ಟು ದಿನವೂ ‘ಹೌದು, ನಂಬಿದ್ದರು’ ಅಂತಲೇ ಪಾಠ ಮಾಡಿದೆ. ನಿವೃತ್ತನಾದ ಮೇಲೆ ಓದಿದಾಗ ಗೊತ್ತಾಯಿತು, ವಿಷಯ ಬೇರೆಯೇ ಇದೆ ಅಂತ.

ನಾಯಿ ಇದ್ದದ್ದು ನಿಜ. ಬಿಳಿ ಪೂಡಲ್ ಜಾತಿಯ ಬೇಟೆನಾಯಿ, ಹೆಸರು ಬಾಯ್. ಜರ್ಮನಿಯ ಯುದ್ಧದಲ್ಲಿ 1638ರಲ್ಲಿ ಸೆರೆಸಿಕ್ಕ ರೂಪರ್ಟ್‌ನನ್ನು ಆಸ್ಟ್ರಿಯಾದ ಲಿಂಟ್ಸ್‌ನಲ್ಲಿ ಇಟ್ಟಿದ್ದರು. ಸೆರೆಯಲ್ಲಿ ಜೊತೆಗಿರಲಿ ಎಂದು ಅರಂಡಲ್ ಪ್ರಭು ಕೊಟ್ಟ ಮರಿ ಅದು. 1642ರಲ್ಲಿ ಯುದ್ಧ ಶುರುವಾಗುವಾಗ ಮಾವನ ಕುದುರೆಪಡೆಗೆ ರೂಪರ್ಟ್ ದಂಡನಾಯಕನಾದ, ಆಗಿನ್ನೂ ಇಪ್ಪತ್ತೆರಡು ವರ್ಷ. ನಾಯಿಯೂ ಜೊತೆಗೇ ಬಂತು. ಜರ್ಮನಿಯ ಸೈನಿಕರಲ್ಲಿ ಕೆಲವರಿಗೆ ಮಂತ್ರದ ಬಲದಿಂದ ಗುಂಡು ತಾಗುವುದಿಲ್ಲ ಎಂಬ ಮಾತು ಆಗ ಯೂರೋಪಿನಲ್ಲೆಲ್ಲ ಇತ್ತು. ಜರ್ಮನಿಯಿಂದ ಬಂದ, ಮುಂದೆ ನುಗ್ಗಿದರೂ ಗಾಯವಾಗದ ರೂಪರ್ಟ್ ಮೇಲೂ ಆ ಗುಸುಗುಸು ಎದ್ದಿತು.

ಇನ್ನು 1643ರ ಆರಂಭದಲ್ಲಿ ಲಂಡನ್ನಿನಲ್ಲಿ ಒಂದು ಪುಸ್ತಿಕೆ ಹೊರಬಿತ್ತು. ಸಂಸತ್ತಿನ ಗೂಢಚಾರನೊಬ್ಬ ನಾಯಿಯನ್ನು ಹತ್ತಿರದಿಂದ ನೋಡಿ ಕಳಿಸಿದ ವರದಿ ಎಂಬಂತೆ ಅದನ್ನು ಬರೆದಿದೆ. ನಾಯಿ ಮಾಯವಾಗುತ್ತದೆ, ಗುಟ್ಟು ಕದ್ದು ತರುತ್ತದೆ, ಗುಂಡನ್ನು ಹಲ್ಲಲ್ಲಿ ಹಿಡಿಯುತ್ತದೆ. ಅಸಲಿಗೆ ಅದು ನಾಯಿಯೇ ಅಲ್ಲ, ಯೂರೋಪಿನ ಉತ್ತರ ತುದಿಯ ಲಾಪ್‌ಲ್ಯಾಂಡಿನ ಚೆಲುವೆ, ಮಾಟದಿಂದ ನಾಯಿಯಾಗಿದ್ದಾಳೆ. ನಾನು ಇದನ್ನೇ ಪಾಠ ಹೇಳಿದ್ದು. ಆದರೆ ಅದನ್ನು ಬರೆದದ್ದು ದೊರೆಯ ಕಡೆಯ ಕುಚೇಷ್ಟೆಗಾರ ಎಂದು ಇತಿಹಾಸಕಾರ ಮಾರ್ಕ್ ಸ್ಟೊಯ್ಲ್ ತೋರಿಸಿಕೊಟ್ಟಿದ್ದಾರೆ. ‘ಈ ಸಂಸತ್ತಿನವರು ಏನು ಬೇಕಾದರೂ ನಂಬುತ್ತಾರೆ ನೋಡಿ’ ಎಂದು ಗೇಲಿ ಮಾಡಲು ಬರೆದದ್ದು. ಮುನ್ನೂರೈವತ್ತು ವರ್ಷ ಕಳೆದ ಮೇಲೂ ನನ್ನಂಥ ಮೇಷ್ಟ್ರು ಆ ಗೇಲಿಯನ್ನು ವರದಿ ಅಂತ ಓದಿದೆ. ದಡ್ಡರು ಯಾರು ಅಂತ ನೀವೇ ಹೇಳಿ.

ಆದರೆ ಗೇಲಿ ಬರೆದವನ ಕೈಯಲ್ಲಿ ಉಳಿಯಲಿಲ್ಲ. ಎದುರು ಪಕ್ಷದವರು ಅದೇ ನಾಯಿಯನ್ನು ಎತ್ತಿಕೊಂಡರು. 1644ರ ಜುಲೈ 2ರಂದು ಯಾರ್ಕ್ ಊರಿನ ಹತ್ತಿರ ಮಾರ್ಸ್ಟನ್ ಮೂರ್ ಬಯಲಿನಲ್ಲಿ ದೊರೆಪಡೆ ಸೋತಾಗ, ಬಿಡಾರದಲ್ಲಿ ಕಟ್ಟಿಹಾಕಿದ್ದ ನಾಯಿ ಬಿಚ್ಚಿಕೊಂಡು ಯಜಮಾನನ ಹಿಂದೆ ಓಡಿ ಸತ್ತಿತು. ಲಂಡನ್ನಿನವರು ಕೂಡಲೇ ಅದಕ್ಕೊಂದು ಚರಮಗೀತೆ ಅಚ್ಚು ಹಾಕಿದರು. ಅದರ ಮುಖಪುಟ ನೋಡಬೇಕು: ನಾಯಿಯನ್ನು ಕೊಂದವನು ‘ಮಂತ್ರವಿದ್ಯೆ ಬಲ್ಲ ಶೂರ ಸೈನಿಕ’ ಅಂತೆ! ಅಂದರೆ ಮಾಟದ ನಾಯಿಯನ್ನು ಹೊಡೆಯಲು, ತಮ್ಮದು ದೇವರ ಪಡೆ ಎಂದುಕೊಂಡ ಸಂಸತ್ತಿನವರಲ್ಲೂ ಒಬ್ಬ ಮಾಂತ್ರಿಕ ಬೇಕಾಯಿತು. ಬರೆದವನಿಗೆ ಇದು ತಮಾಷೆಯೋ, ನಂಬಿಕೆಯೋ? ಎರಡೂ ಇದ್ದಿರಬೇಕು ಅನ್ನುವುದು ನನ್ನ ಊಹೆ.

ಪ್ರ: ಇಷ್ಟೊಂದು ಅಚ್ಚು ಹಾಕಲು ಬಿಡುತ್ತಿದ್ದರೇ? ಆಗ ಸೆನ್ಸಾರ್ ಇರಲಿಲ್ಲವೇ? (ದಾವಣಗೆರೆಯ ಓದುಗರು)

ಉ: ಇತ್ತು. ಅದನ್ನು ನಡೆಸುತ್ತಿದ್ದ ‘ಸ್ಟಾರ್ ಚೇಂಬರ್’ ಎಂಬ ನ್ಯಾಯಾಲಯವನ್ನು 1641ರಲ್ಲಿ ಸಂಸತ್ತು ರದ್ದು ಮಾಡಿತು. ಅಲ್ಲಿಗೆ ಕಟ್ಟೆ ಒಡೆಯಿತು. ಜಾರ್ಜ್ ಥಾಮಸನ್ ಎಂಬ ಪುಸ್ತಕದಂಗಡಿಯವನು 1640ರಿಂದ 1661ರವರೆಗೆ ಬೀದಿಗೆ ಬಂದದ್ದನ್ನೆಲ್ಲ ಕೂಡಿಹಾಕಿದ. ಒಟ್ಟು 22,000ಕ್ಕೂ ಹೆಚ್ಚು. ಎಷ್ಟೋ ಪುಸ್ತಿಕೆಗಳ ಮೇಲೆ ಅವು ಕೈಸೇರಿದ ತಾರೀಕನ್ನೂ ಬರೆದಿಟ್ಟ, ಪುಣ್ಯಾತ್ಮ. ಇವತ್ತು ನಾವು ಹೇಳುವ ಕಥೆಗಳಲ್ಲಿ ಮುಕ್ಕಾಲು ಅವನ ಗಂಟಿನಿಂದ ಬಂದವು.

ಪ್ರ: ನ್ಯೂಬರಿ ಎಂಬಲ್ಲಿ ನೀರಿನ ಮೇಲೆ ನಡೆದ ಮಾಟಗಾತಿಯನ್ನು ಸೈನಿಕರು ಗುಂಡಿಕ್ಕಿ ಕೊಂದರು ಎಂದು ಎಲ್ಲೋ ಓದಿದೆ. ಇದೂ ಗೇಲಿಯೇ? (ಹುಬ್ಬಳ್ಳಿಯ ಓದುಗರು)

ಉ: ಇದು ಗೇಲಿಯಲ್ಲ. ಗೇಲಿಯಾಗಿದ್ದರೆ ಚೆನ್ನಾಗಿತ್ತು.

1643ರ ಸೆಪ್ಟೆಂಬರ್ 20ರಂದು ನ್ಯೂಬರಿಯಲ್ಲಿ ದೊಡ್ಡ ಕದನ ನಡೆಯಿತು. ಮದ್ದು ಮುಗಿದ ದೊರೆಪಡೆ ರಾತ್ರಿ ಹಿಂದೆ ಸರಿಯಿತು. ಎಸೆಕ್ಸಿನ ಅರ್ಲ್ (ಅರ್ಲ್ ಎಂಬುದು ಶ್ರೀಮಂತರ ಒಂದು ಬಿರುದು) ನಡೆಸುತ್ತಿದ್ದ ಸಂಸತ್ತಿನ ಪಡೆ ಲಂಡನ್ ದಾರಿ ಹಿಡಿಯಿತು. ಕೆಲವೇ ದಿನಗಳಲ್ಲಿ ಪುಸ್ತಿಕೆ ಬಂತು. ಅದರ ಪ್ರಕಾರ, ಹಸಿದ ಸೈನಿಕರು ಕೆಲವರು ಸಾಲು ಬಿಟ್ಟು ಕಾಯಿ-ಹಣ್ಣು ಕೀಳಲು ಹೋಗಿದ್ದರು. ಮರ ಹತ್ತಿದ್ದವನೊಬ್ಬ ನೋಡುತ್ತಾನೆ, ಎತ್ತರದ ತೆಳ್ಳನೆಯ ಹೆಂಗಸು ನದಿಯ ಮೇಲೆ ನಡೆದು ಬರುತ್ತಿದ್ದಾಳೆ. ಹತ್ತಿರದಿಂದ ನೋಡಿದವರಿಗೆ ಕಾಲಡಿ ಒಂದು ಹಲಗೆ ಕಂಡಿತು. ಗಮನಿಸಿ, ಹಲಗೆ ಇತ್ತು ಎಂದು ಪುಸ್ತಿಕೆಯೇ ಹೇಳುತ್ತದೆ. ನಮ್ಮಲ್ಲಿ ಹರಿಗೋಲು, ತೆಪ್ಪ ನೋಡಿದವರಿಗೆ ಹಲಗೆಯ ಮೇಲೆ ನಿಂತು ಹೊಳೆ ದಾಟುವುದು ಪವಾಡ ಅನ್ನಿಸುವುದಿಲ್ಲ. ಆಗಷ್ಟೇ ಗೆಳೆಯರ ಹೆಣ ದಾಟಿ ಬಂದವರಿಗೆ ಅನ್ನಿಸಿರಬಹುದು.

ಹಿಡಿದು ತಂದು ಯಾರು ನೀನು ಎಂದು ಕೇಳಿದರೆ ಆಕೆ ಬಾಯಿ ಬಿಡಲಿಲ್ಲ. ಮಣ್ಣಿನ ದಿಬ್ಬಕ್ಕೆ ಒರಗಿಸಿ ಇಬ್ಬರು ಗುಂಡು ಹಾರಿಸಿದರು. ಇಲ್ಲಿಂದ ಪುಸ್ತಿಕೆ ತಾಳ ತಪ್ಪುತ್ತದೆ: ಆಕೆ ನಗುತ್ತಾ ಗುಂಡುಗಳನ್ನು ಕೈಯಲ್ಲಿ ಹಿಡಿದು ಅಗಿದಳಂತೆ. ಕೊನೆಗೆ ಒಬ್ಬನಿಗೆ ಹಳೆಯ ಉಪಾಯ ನೆನಪಾಯಿತು, ಕಣತಲೆಯ ನರದಿಂದ ರಕ್ತ ತೆಗೆದರೆ ಮಾಟಗಾತಿಯ ಶಕ್ತಿ ಇಳಿಯುತ್ತದೆ ಎಂದು. ಅದನ್ನು ಕೇಳಿ ಆಕೆ ಅತ್ತಳು, ‘ಹಾಗಾದರೆ ನಾನು ಸಾಯಲೇಬೇಕೇ? ಸರಿ, ಇನ್ನು ಎಸೆಕ್ಸಿನ ಅರ್ಲ್‌ಗೇ ಜಯ’ ಎಂಬರ್ಥದ ಮಾತಾಡಿದಳು. ಕಿವಿಯ ಕೆಳಗೆ ಪಿಸ್ತೂಲು ಇಟ್ಟು ಕೊಂದರು.

ಆ ಕೊನೆಯ ಮಾತನ್ನು ಎರಡು ಸಲ ಓದಿ. ತನ್ನನ್ನು ಕೊಲ್ಲುವವರ ದಳಪತಿಗೆ ಜಯ ಸಾರಿ ಸಾಯುವ ಹೆಂಗಸು ಲೋಕದಲ್ಲಿ ಇಲ್ಲ. ಅಚ್ಚಿನ ಮನೆಯಲ್ಲಿ ಮಾತ್ರ ಇರುತ್ತಾಳೆ. ನ್ಯೂಬರಿಯಲ್ಲಿ ನಿಜವಾಗಿ ಗೆದ್ದವರಾರು ಎಂದು ಎರಡೂ ಕಡೆ ಜಗಳವಾಡುತ್ತಿದ್ದ ವಾರ ಅದು. ಆ ಜಗಳಕ್ಕೆ ಸೈತಾನನ ಕಡೆಯಿಂದಲೇ ಸಾಕ್ಷಿ ಕೊಡಿಸಿದರು. ಗುಂಡು ಅಗಿದದ್ದನ್ನು, ಭವಿಷ್ಯ ನುಡಿದದ್ದನ್ನು ಕಳೆದುಬಿಡಿ. ಉಳಿಯುವುದು ಏನು? ಒಬ್ಬ ಹೆಂಗಸನ್ನು ವಿಚಾರಣೆಯಿಲ್ಲದೆ ಹಿಡಿದು ಕೊಂದ ಸೈನಿಕರ ಗುಂಪು. ಅದೇ ವಾರ ಲಂಡನ್ನಿನ ಸುದ್ದಿಪತ್ರಿಕೆಯೂ ಈ ಘಟನೆಯನ್ನು ಹಾಕಿತ್ತು, ಆದ್ದರಿಂದ ಅಷ್ಟು ನಡೆದಿದೆ ಎಂದು ನಾನು ನಂಬುತ್ತೇನೆ. ಅವಳ ಹೆಸರನ್ನು ಮಾತ್ರ ಪುಸ್ತಿಕೆಯಲ್ಲಿ ಬರೆದಿಲ್ಲ.

ಪ್ರ: ಮಾಟಗಾತಿಯರನ್ನು ಸುಡುತ್ತಿದ್ದರಲ್ಲವೇ? (ಶಿರಸಿಯ ಓದುಗರು)

ಉ: ಇಂಗ್ಲೆಂಡಿನಲ್ಲಿ ಇಲ್ಲ, ಗಲ್ಲು. ಸುಡುತ್ತಿದ್ದದ್ದು ಜರ್ಮನಿಯಲ್ಲಿ, ಸ್ಕಾಟ್ಲೆಂಡಿನಲ್ಲಿ. 1645ರಲ್ಲಿ ಇಪ್ಸ್‌ವಿಚ್‌ನಲ್ಲಿ ಮೇರಿ ಲೇಕ್‌ಲ್ಯಾಂಡ್ ಎಂಬಾಕೆಯನ್ನು ಸುಟ್ಟರು, ಆದರೆ ಅದು ಮಾಟದಿಂದ ಗಂಡನನ್ನು ಕೊಂದಳು ಎಂಬ ಆರೋಪಕ್ಕೆ. ಹೆಂಡತಿ ಗಂಡನನ್ನು ಕೊಂದರೆ ಆಗಿನ ಕಾನೂನಿನಲ್ಲಿ ಅದು ಒಂದು ಬಗೆಯ ರಾಜದ್ರೋಹ!

ಪ್ರ: ತೊಂಬತ್ತರ ದಶಕದಲ್ಲಿ ನಮ್ಮ ಬೀದಿಯಲ್ಲಿ ಮನೆಮನೆಯ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದೆವು. ಬರೆದವರೆಲ್ಲ ವಿದ್ಯಾವಂತರೇ. ಇಂಗ್ಲೆಂಡಿನ ಓದುಬರಹ ಬಲ್ಲವರೂ ಹಾಗೆಯೇ ಇದ್ದರೇ? (ತುಮಕೂರಿನ ಓದುಗರು)

ಉ: ಅಮ್ಮಾ, ಎಂಥ ಪ್ರಶ್ನೆ ಕೇಳಿದಿರಿ! ಎಳೆಯರಿಗೆ ಒಂದು ಮಾತು: ರಾತ್ರಿ ಮೋಹಿನಿ ಬಂದು ಮನೆಯವರ ದನಿಯಲ್ಲಿ ಕೂಗುತ್ತಾಳೆ, ಬಾಗಿಲು ತೆಗೆದರೆ ಕಥೆ ಮುಗಿಯಿತು, ಬಾಗಿಲ ಮೇಲೆ ‘ನಾಳೆ ಬಾ’ ಇದ್ದರೆ ಓದಿಕೊಂಡು ವಾಪಸಾಗುತ್ತಾಳೆ ಎಂಬ ಪುಕಾರು ಆಗ ಹಬ್ಬಿತ್ತು.

ನಮ್ಮ ಮನೆಯ ಬಾಗಿಲಿನ ಮೇಲೂ ಇತ್ತು. ನನ್ನಾಕೆ ನನ್ನದೇ ಕಾಲೇಜಿನ ಸೀಮೆಸುಣ್ಣದಲ್ಲಿ ಬರೆದಿದ್ದಳು. ‘ನೀವು ನಂಬುವುದಿಲ್ಲವಲ್ಲ, ಹಾಗಾದರೆ ಅಳಿಸಿ’ ಅಂದಳು. ನಾನು ನಕ್ಕೆ. ಒಳಗೆ ಹೋದೆ. ಅಳಿಸಲಿಲ್ಲ. ಮಳೆಗೆ ತಾನಾಗಿ ಹೋಗುವವರೆಗೂ ಅದು ಅಲ್ಲೇ ಇತ್ತು.

ಆ ಕಾಲದ ಇಂಗ್ಲಿಷರ ನಂಬಿಕೆಯನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ. ನಾಯಿಯ ಪುಸ್ತಿಕೆ ಓದಿ ನಕ್ಕವನೇ, ದನ ಕಾರಣವಿಲ್ಲದೆ ಸತ್ತ ದಿನ ಪಕ್ಕದ ಮನೆಯ ಮುದುಕಿಯನ್ನು ಓರೆಗಣ್ಣಲ್ಲಿ ನೋಡಿದ್ದಾನು. ದೊರೆಯ ಕಡೆಯ ಪಾದ್ರಿಗಳು ಬೈಬಲಿನ ಸಮುವೇಲನ ಮೊದಲ ಪುಸ್ತಕ ತೆಗೆದು, ದಂಗೆಯೇಳುವುದು ಮಾಟದಷ್ಟೇ ಪಾಪ ಎಂದು ಪ್ರವಚನ ಮಾಡುತ್ತಿದ್ದರು. ಅವರಿಗದು ಉಪಮೆ, ಹಿಂದಿನ ಸಾಲಿನಲ್ಲಿ ಕೂತು ಕೇಳಿದವರೆಲ್ಲರಿಗೂ ಉಪಮೆಯಾಗಿಯೇ ಉಳಿಯಿತು ಎಂದು ನಾನು ಹೇಳಲಾರೆ. ನಮಗೂ ಅವರಿಗೂ ಒಂದು ವ್ಯತ್ಯಾಸ ಇದೆ. ನಮ್ಮ ಮೋಹಿನಿಗೆ ವಿಳಾಸ ಇರಲಿಲ್ಲ, ಯಾರ ಮನೆಯವಳು ಎಂದು ಯಾರೂ ಹೇಳಲಿಲ್ಲ. ಅಲ್ಲಿ ವಿಳಾಸ ಹುಡುಕಿಕೊಡುವ ಒಬ್ಬ ಹುಟ್ಟಿಕೊಂಡ. ಮುಂದಿನ ಪ್ರಶ್ನೆ ಅವನದೇ.

ಪ್ರ: ಮ್ಯಾಥ್ಯೂ ಹಾಪ್ಕಿನ್ಸ್ ಎಂಬವನಿಗೆ ಮಾಟಗಾತಿಯರನ್ನು ಹಿಡಿಯುವ ಅಧಿಕಾರ ಕೊಟ್ಟವರು ಯಾರು? ನ್ಯಾಯಾಧೀಶರು ಏನು ಮಾಡುತ್ತಿದ್ದರು ಮಾರಾಯ್ರೇ? ನಾನು ವಕೀಲ, ಆ ದೃಷ್ಟಿಯಿಂದ ಕೇಳುತ್ತಿದ್ದೇನೆ. (ಮಂಗಳೂರಿನ ಓದುಗರು)

ಉ: ಯಾರೂ ಕೊಟ್ಟಿಲ್ಲ. ‘ವಿಚ್‌ಫೈಂಡರ್ ಜನರಲ್’ (ಮಾಟಗಾತಿಯರನ್ನು ಪತ್ತೆಹಚ್ಚುವ ಮುಖ್ಯಸ್ಥ) ಎಂಬ ಅವನ ಬಿರುದನ್ನು ಯಾವ ಸಂಸತ್ತೂ ಕೊಡಲಿಲ್ಲ. ಆತ ಸಫೋಕ್‌ನ ಪಾದ್ರಿಯೊಬ್ಬರ ಮಗ, ಎಸೆಕ್ಸ್ ಪ್ರಾಂತದ ಮ್ಯಾನಿಂಗ್‌ಟ್ರೀ ಊರಿನಲ್ಲಿದ್ದ, ವಯಸ್ಸು ಇಪ್ಪತ್ತೈದರ ಆಚೀಚೆ. 1645ರ ಮಾರ್ಚ್‌ನಲ್ಲಿ ಎಲಿಜಬೆತ್ ಕ್ಲಾರ್ಕ್ ಎಂಬ ಒಂಟಿಕಾಲಿನ ಬಡ ಮುದುಕಿಯಿಂದ ಶುರು ಮಾಡಿದ. ಜೊತೆಗೆ ಜಾನ್ ಸ್ಟರ್ನ್ ಎಂಬವನು.

ಮಾಟ ಅಪರಾಧ ಎನ್ನುವ 1604ರ ಕಾಯಿದೆ ಮೊದಲೇ ಇತ್ತು. ಹೊಡೆದು ಬಡಿದು ತಪ್ಪೊಪ್ಪಿಸಲು ಮಾತ್ರ ಅವಕಾಶವಿರಲಿಲ್ಲ. ಅದಕ್ಕೆ ಇವರು ‘ಕಾವಲು’ ಕಂಡುಕೊಂಡರು. ಆರೋಪಿಯನ್ನು ಕೋಣೆಯ ನಡುವೆ ಕೂರಿಸಿ, ರಾತ್ರಿ ರಾತ್ರಿ ನಿದ್ದೆಗೆಡಿಸಿ, ಕಣ್ಣು ಮುಚ್ಚಿದರೆ ಎಬ್ಬಿಸಿ ನಡೆಸುವುದು. ಮಾಟಗಾತಿಗೆ ಪ್ರಾಣಿರೂಪದ ಸಾಕುಭೂತಗಳಿರುತ್ತವೆ, ಹಸಿವಾದಾಗ ಒಡತಿಯ ರಕ್ತ ಹೀರಲು ಬಂದೇ ಬರುತ್ತವೆ ಎಂಬುದು ಲೆಕ್ಕಾಚಾರ. (ಕರಾವಳಿಯವರಾದ ನಿಮಗೆ ಕುಟ್ಟಿಚಾತನ ಕಥೆ ಗೊತ್ತಿರುತ್ತದೆ, ಹೆಚ್ಚು ವಿವರಿಸಬೇಕಿಲ್ಲ.) ನಾಲ್ಕನೇ ರಾತ್ರಿ ಕ್ಲಾರ್ಕ್ ಹೆಸರು ಹಿಡಿದು ಕರೆದಳು, ಒಂದೊಂದಾಗಿ ಬಂದವು ಎಂದು ಹಾಪ್ಕಿನ್ಸ್ ಆಮೇಲೆ ಬರೆದಿದ್ದಾನೆ. ಕಾಲೇ ಇಲ್ಲದ ದಪ್ಪ ನಾಯಿ ಜರ್ಮಾರ. ಎತ್ತಿನ ತಲೆಯ ಬೇಟೆನಾಯಿ ವಿನೆಗರ್ ಟಾಮ್. ಕಪ್ಪು ಮೊಲ ಸ್ಯಾಕ್ ಅಂಡ್ ಶುಗರ್. ಮತ್ತು ಪೋಲ್‌ಕ್ಯಾಟ್ ಎನ್ನುವ, ನಮ್ಮ ಮುಂಗುಸಿಯನ್ನು ಹೋಲುವ ಪ್ರಾಣಿಯ ರೂಪದ ಒಂದು ಭೂತ. ಅದರ ಹೆಸರು ‘ನ್ಯೂಸ್’! ಸುದ್ದಿ ಎಂಬ ಹೆಸರಿನ ಭೂತವನ್ನು ನಾನು ಕಟ್ಟಿ ಹೇಳುತ್ತಿಲ್ಲ, ಅವನ ಪುಸ್ತಕದ ಚಿತ್ರದಲ್ಲೇ ಇದೆ. ಆ ದಶಕದಲ್ಲಿ ಭೂತಕ್ಕೆ ಇದಕ್ಕಿಂತ ಒಪ್ಪುವ ಹೆಸರು ನನಗಂತೂ ಹೊಳೆಯುವುದಿಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಶಾಂತಿಕಾಲದಲ್ಲಿ ಲಂಡನ್ನಿನಿಂದ ಅನುಭವಿ ನ್ಯಾಯಾಧೀಶರು ಪ್ರಾಂತಗಳಿಗೆ ಸರದಿಯ ಮೇಲೆ ಹೋಗುತ್ತಿದ್ದರು. ಮಾಟದ ಮೊಕದ್ದಮೆ ಎಂದರೆ ಅವರಿಗೆ ಅನುಮಾನವೇ ಹೆಚ್ಚು. ಚಾರ್ಲ್ಸನ ಕಾಲದಲ್ಲಿ ಗಲ್ಲು ವಿರಳವಾಗಿತ್ತು. ಯುದ್ಧ ಆ ಸರದಿಯನ್ನು ಕೆಡಿಸಿತು. 1645ರ ಜುಲೈ 17ರಂದು ಚೆಮ್ಸ್‌ಫರ್ಡ್‌ನಲ್ಲಿ ವಿಚಾರಣೆಯ ಪೀಠದಲ್ಲಿ ಕೂತವನು ವಾರಿಕ್‌ನ ಅರ್ಲ್, ಸಂಸತ್ತಿನ ನೌಕಾಪಡೆ ನಡೆಸಿದ್ದ ಶ್ರೀಮಂತ, ನ್ಯಾಯಾಧೀಶನಲ್ಲ. ಹದಿನೈದಕ್ಕೂ ಹೆಚ್ಚು ಹೆಂಗಸರಿಗೆ ಗಲ್ಲಾಯಿತು, ಕ್ಲಾರ್ಕ್ ಅವರಲ್ಲಿ ಒಬ್ಬಳು. ರೆಬೆಕ್ಕಾ ವೆಸ್ಟ್ ಎಂಬ ಹುಡುಗಿ ತಾಯಿಯ ವಿರುದ್ಧವೇ ಸಾಕ್ಷಿ ಹೇಳಿ ಉಳಿದುಕೊಂಡಳು.

ಮುಂದಿನ ತಿಂಗಳು ಸಫೋಕ್‌ನ ಬರಿ ಸೇಂಟ್ ಎಡ್ಮಂಡ್ಸ್ ಎಂಬ ಊರಿಗೆ ಸಂಸತ್ತು ವಿಶೇಷ ಆಯೋಗ ಕಳಿಸಿತು. ಆರೋಪಿಯನ್ನು ಕಟ್ಟಿ ನೀರಿಗೆಸೆದು ತೇಲಿದರೆ ಮಾಟಗಾತಿ ಎನ್ನುವ ಪರೀಕ್ಷೆಯನ್ನು ಆಯೋಗ ನಿಲ್ಲಿಸಿತು, ಅಷ್ಟರಮಟ್ಟಿಗೆ ಒಳ್ಳೆಯದು. ಆದರೂ ಆಗಸ್ಟ್ 27ರಂದು ಒಂದೇ ದಿನ ಹದಿನೆಂಟು ಜನರನ್ನು ಗಲ್ಲಿಗೇರಿಸಿದರು. ದೊರೆಯ ಪಡೆ ಹತ್ತಿರ ಬರುತ್ತಿದೆ ಎಂಬ ಸುದ್ದಿಗೆ ಉಳಿದ ವಿಚಾರಣೆ ಮುಂದೆ ಹೋಯಿತು.

ಆ ಹದಿನೆಂಟರಲ್ಲಿ ಒಬ್ಬರು ಜಾನ್ ಲೋವ್ಸ್, ಬ್ರಾಂಡೆಸ್ಟನ್ ಊರಿನ ಪಾದ್ರಿ, ಎಂಬತ್ತರ ಹತ್ತಿರದ ವಯಸ್ಸು. ಊರವರ ಜೊತೆ ಅವರಿಗೆ ಹಿಂದಿನಿಂದಲೂ ಜಗಳ, ವ್ಯಾಜ್ಯ. ನಿದ್ದೆಗೆಡಿಸಿ ಓಡಾಡಿಸಿದ ಮೇಲೆ ಹಾರ್ವಿಚ್ ಬಳಿ ಭೂತ ಕಳಿಸಿ ಹಡಗು ಮುಳುಗಿಸಿದೆ ಎಂದು ಒಪ್ಪಿಕೊಂಡರು. ವಕೀಲರೇ, ಯಾವ ಹಡಗು, ಯಾವ ದಿನ, ಮುಳುಗಿದೆಯೇ ಇಲ್ಲವೇ ಎಂದು ಬಂದರಿನಲ್ಲಿ ವಿಚಾರಿಸುವ ಗೋಜಿಗೆ ಯಾರೂ ಹೋಗಲಿಲ್ಲ. ಗಲ್ಲಿನ ಮುಂದೆ ತಮ್ಮ ಶವಸಂಸ್ಕಾರದ ಪ್ರಾರ್ಥನೆಯನ್ನು ತಾವೇ ಓದಿಕೊಂಡರು.

ಯುದ್ಧದ ಭಯದಿಂದ ಜನ ಹುಚ್ಚರಾದರು ಎನ್ನುವ ವಿವರಣೆ ಪಠ್ಯಪುಸ್ತಕಗಳಲ್ಲಿ ಸಿಗುತ್ತದೆ. ನನಗದು ಪೂರ್ತಿ ಒಪ್ಪಿಗೆಯಿಲ್ಲ. ಎಸೆಕ್ಸ್, ಸಫೋಕ್ ಸಂಸತ್ತಿನ ಗಟ್ಟಿ ನೆಲ. 1645ರವರೆಗೆ ಅಲ್ಲಿ ದೊಡ್ಡ ಕದನವೇ ನಡೆದಿರಲಿಲ್ಲ. ಅಲ್ಲಿಗೆ ಯುದ್ಧ ತಲುಪಿದ್ದು ಅಚ್ಚಿನ ಹಾಳೆಯಲ್ಲಿ, ತೆರಿಗೆಯಲ್ಲಿ, ಮನೆಯಿಂದ ಹೋದ ಗಂಡು ಮಕ್ಕಳಲ್ಲಿ. ಶತ್ರು ಸೈತಾನನ ಕಡೆಯವನು ಎಂದು ಮೂರು ವರ್ಷ ಓದಿದ ಜನರಿಗೆ ಕಣ್ಣೆದುರು ಶತ್ರು ಇಲ್ಲ, ಬೇಡ ಎನ್ನುವ ನ್ಯಾಯಾಧೀಶನೂ ಇಲ್ಲ. ಸಂಬಳ ಬೇರೆ: ಸ್ಟೋಮಾರ್ಕೆಟ್ ಎಂಬ ಒಂದೇ ಊರು ಈ ಕೆಲಸಕ್ಕೆ 23 ಪೌಂಡ್ ಖರ್ಚು ಮಾಡಿತು. ಕೂಲಿಯವನಿಗೆ ದಿನಕ್ಕೆ ಒಂದು ಶಿಲ್ಲಿಂಗೂ ಹುಟ್ಟದ ಕಾಲ, ಪೌಂಡಿಗೆ ಇಪ್ಪತ್ತು ಶಿಲ್ಲಿಂಗ್. ಲೆಕ್ಕ ಹಾಕಿಕೊಳ್ಳಿ.

ಪ್ರ: ಎಲ್ಲ ಕಡೆಯೂ ಹೆಂಗಸರೇ ಏಕೆ? (ಕಲಬುರಗಿಯ ಓದುಗರು)

ಉ: ಗಂಡಸರೂ ಇದ್ದರು, ಲೋವ್ಸ್ ಹೇಳಿದೆನಲ್ಲ. ಆದರೆ ನಿಮ್ಮ ಮಾತು ಸರಿ. ಜಾನ್ ಗಾಲ್ ಎಂಬ ಪಾದ್ರಿ ಆಗಲೇ ಕುಟುಕಿದ್ದರು: ಮುಖ ಸುಕ್ಕಾದ, ಹಲ್ಲು ಉಬ್ಬಿದ, ಕಣ್ಣು ಓರೆಯಾದ, ಬಾಯಿ ಜೋರಿರುವ ಪ್ರತಿ ಮುದುಕಿಯನ್ನೂ ಮಾಟಗಾತಿ ಎನ್ನುತ್ತಾರೆ ಎಂದು.

ಮಾಟದ ಹೆಸರಿಲ್ಲದೆಯೂ ಇದು ನಡೆಯಿತು. 1645ರ ಜೂನ್ 14ರಂದು ನೇಸ್‌ಬಿಯಲ್ಲಿ ದೊರೆಪಡೆ ನುಚ್ಚುನೂರಾದ ಮೇಲೆ, ಸಾಮಾನಿನ ಗಾಡಿಗಳ ಜೊತೆಗಿದ್ದ ನೂರಕ್ಕೂ ಹೆಚ್ಚು ಹೆಂಗಸರನ್ನು ಗೆದ್ದವರು ಕೊಂದರು, ಉಳಿದವರ ಮುಖ, ಮೂಗು ಸೀಳಿದರು. ಐರಿಷ್ ಸೂಳೆಯರು, ಕೈಯಲ್ಲಿ ಚಾಕು ಇತ್ತು ಎಂದು ಲಂಡನ್ ಪತ್ರಿಕೆಗಳು ಸಮರ್ಥಿಸಿದವು. ಅವರು ವೇಲ್ಸ್‌ನ ಸೈನಿಕರ ಹೆಂಡಂದಿರು, ಆಡಿದ್ದು ವೆಲ್ಷ್ ಭಾಷೆ, ಚಾಕು ಅಡುಗೆಯದು ಎಂದು ಅನೇಕ ಇತಿಹಾಸಕಾರರ ಊಹೆ. ನ್ಯೂಬರಿಯ ಹೆಂಗಸು ಮಾತಾಡದೆ ಸತ್ತಳು, ಇವರು ಅರ್ಥವಾಗದ ಮಾತಾಡಿ ಸತ್ತರು.

ಪ್ರ: ಯಾರೂ ವಿರೋಧಿಸಲೇ ಇಲ್ಲವೇ? ಹಾಪ್ಕಿನ್ಸ್‌ನನ್ನೂ ಕೊನೆಗೆ ನೀರಿಗೆಸೆದು ಕೊಂದರಂತೆ, ನಿಜವೇ? (ಕುಂದಾಪುರದ ಓದುಗರು)

ಉ: ಎರಡನೆಯದು ಸುಳ್ಳು. ಕೇಳಲು ಸಮಾಧಾನ ಕೊಡುವ ಸುಳ್ಳು. 1647ರ ಆಗಸ್ಟ್‌ನಲ್ಲಿ ಕ್ಷಯದಿಂದ ಹಾಸಿಗೆಯಲ್ಲೇ ಸತ್ತ ಎಂದು ಜೊತೆಗಾರ ಸ್ಟರ್ನ್ ಬರೆದಿದ್ದಾನೆ.

ವಿರೋಧ ಇತ್ತು. ಸಂಸತ್ತಿನ ಪರವಾದ ಲಂಡನ್ ಪತ್ರಿಕೆಯೊಂದೇ 1645ರ ಸೆಪ್ಟೆಂಬರಿನಲ್ಲಿ, ಎಡಗೈ ಬಲಗೈ ತಿಳಿಯದ ಮುಗ್ಧ ಹೆಂಗಸರ ಸಹವಾಸವನ್ನೇ ಸೈತಾನ ಯಾಕೆ ಮಾಡುತ್ತಾನೋ ಎಂದು ಕೇಳಿತು. ಆಗಲೇ ಹೇಳಿದ ಗಾಲ್, ಗ್ರೇಟ್ ಸ್ಟಾಟನ್ ಊರಿನ ಪಾದ್ರಿ, ಹಾಪ್ಕಿನ್ಸ್ ಬರುತ್ತಾನೆಂದು ತಿಳಿದು ಅವನ ವಿರುದ್ಧ ಪ್ರವಚನ ಮಾಡಿ 1646ರಲ್ಲಿ ಪುಸ್ತಕವನ್ನೂ ತಂದರು. ಯುದ್ಧ ತಣ್ಣಗಾಗಿ ನ್ಯಾಯಾಧೀಶರ ಸರದಿ ಮತ್ತೆ ಸರಿಹೋದಾಗ, ನಾರ್ಫೋಕ್‌ನಲ್ಲಿ ಅವರ ಮುಂದೆ ಹಾಪ್ಕಿನ್ಸ್‌ನ ವಿಧಾನದ ಬಗ್ಗೆ ಪ್ರಶ್ನೆಗಳ ಪಟ್ಟಿಯೇ ಬಂತು. ಅದಕ್ಕೆ ಉತ್ತರವಾಗಿ ಅವನು ಬರೆದದ್ದೇ ನ್ಯೂಸ್ ಭೂತವಿರುವ ಆ ಸಣ್ಣ ಪುಸ್ತಕ. ಅಷ್ಟರಲ್ಲಿ ಪೂರ್ವ ಪ್ರಾಂತಗಳಲ್ಲಿ ನೂರು ಜನರ ಆಸುಪಾಸು ಗಲ್ಲಾಗಿತ್ತು.

ಪ್ರ: ಮಗಳು ಇಂಗ್ಲೆಂಡಿನಲ್ಲಿದ್ದಾಳೆ, ಬೇಸಿಗೆಗೆ ಹೋಗುತ್ತಿದ್ದೇವೆ. ಈ ಜಾಗಗಳನ್ನು ನೋಡಬಹುದೇ? (ಬೆಂಗಳೂರಿನ ಓದುಗರು)

ಉ: ಧಾರಾಳವಾಗಿ. ನನ್ನ ಮಗಳೂ ರೆಡಿಂಗ್‌ನಲ್ಲಿದ್ದಾಳೆ, ಅಲ್ಲಿಂದ ನ್ಯೂಬರಿಗೆ ನೇರ ರೈಲಿದೆ. ಕೆನೆಟ್ ನದಿ ಊರ ನಡುವೆಯೇ ಹರಿಯುತ್ತದೆ, ಆದರೆ ಈಗ ಕಾಣುವ ದಂಡೆ, ಕಾಲುವೆ, ನೀರು ತಡೆಯುವ ತೂಬಿನ ಬಾಗಿಲು ಎಲ್ಲ ಆಮೇಲಿನವು. ಹಾಪ್ಕಿನ್ಸ್ ಹಿಡಿದವರನ್ನು ಕೂಡಿಹಾಕಿದ್ದ ಕೋಲ್ಚೆಸ್ಟರ್ ಕೋಟೆ ಈಗ ವಸ್ತುಸಂಗ್ರಹಾಲಯ, ಮಕ್ಕಳಿಗೂ ಹಿಡಿಸುತ್ತದೆ. ಮ್ಯಾನಿಂಗ್‌ಟ್ರೀಗೂ ಅಲ್ಲಿಂದ ರೈಲು ಸಿಗುತ್ತದೆ. ಹಿನ್ನೀರು ಇಳಿದಾಗ ಬರಿ ಕೆಸರು, ಅದರಲ್ಲಿ ಹಂಸಗಳು.

ನ್ಯೂಬರಿಯಲ್ಲಿ ನಾನು ಸೇತುವೆಯ ಮೇಲೆ ಅರ್ಧ ಗಂಟೆ ನಿಂತಿದ್ದೆ. ಕೆಳಗೆ ಒಬ್ಬ ಹುಡುಗಿ ಉದ್ದನೆಯ ಹಲಗೆಯ ಮೇಲೆ ನೆಟ್ಟಗೆ ನಿಂತು, ಹುಟ್ಟು ಹಾಕುತ್ತಾ ಹಾದು ಹೋದಳು. ಈಗ ಅದೊಂದು ಆಟವಂತೆ, ಗಂಟೆಗೆ ಇಷ್ಟು ಎಂದು ಬಾಡಿಗೆಗೂ ಕೊಡುತ್ತಾರೆ. ದಡದಲ್ಲಿ ಕೂತವರು ಕೈಯಲ್ಲಿದ್ದ ಸ್ಯಾಂಡ್‌ವಿಚ್ ತಿನ್ನುವುದನ್ನು ನಿಲ್ಲಿಸಲಿಲ್ಲ.